ಕೊಲೊನೋಸ್ಕೋಪಿಗೆ ಮುಂಚಿನ ದಿನ: ಸಪ್ಪೆ ಊಟವೋ, ಬರೀ ತಿಳಿ ನೀರೋ?

ಕೊಲೊನೋಸ್ಕೋಪಿ ಅಂದರೆ ಕ್ಯಾಮೆರಾ ಟ್ಯೂಬ್ ಹಾಕಿ ದೊಡ್ಡ ಕರುಳಿನ ಒಳಗೆ ನೋಡುವ ಪರೀಕ್ಷೆ. ಮೊದಲ ಸಲ ಅದಕ್ಕೆ ಹೋದಾಗ ಆಸ್ಪತ್ರೆಯವರು ಕೊಟ್ಟ ಚೀಟಿಯಲ್ಲಿ ಇದ್ದದ್ದು ಮೂರೇ ಸಾಲು. ಹಿಂದಿನ ದಿನ ಲೈಟ್ ಊಟ ಮಾಡಿ, ಸಂಜೆ ಪೌಡರ್ ಕುಡಿಯಿರಿ, ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಬನ್ನಿ. ಲೈಟ್ ಅಂದರೆ ನಮ್ಮ ಮನೆಯಲ್ಲಿ ಇನ್ನೇನು? ಬೆಳಿಗ್ಗೆ ರಾಗಿ ಅಂಬಲಿ ಕುಡಿದೆ. ಮಧ್ಯಾಹ್ನ ಸೊಪ್ಪಿನ ಸಾರು, ಅನ್ನ, ಜೊತೆಗೆ ಒಂದು ಬಟ್ಟಲು ಸೌತೆಕಾಯಿ ಕೋಸಂಬರಿ. ಎಣ್ಣೆ ಇಲ್ಲ, ಮಸಾಲೆ ಇಲ್ಲ. ಬಹಳ ಶಿಸ್ತು ಮಾಡಿದೆ ಅಂದುಕೊಂಡಿದ್ದೆ. ಮಾರನೇ ದಿನ ಡಾಕ್ಟರ್ ಅರ್ಧಕ್ಕೇ ನಿಲ್ಲಿಸಿ, ‘ಒಳಗೆ ಏನೂ ಕಾಣ್ತಿಲ್ಲ, ಇನ್ನೊಂದ್ಸಲ ಬನ್ನಿ’ ಅಂದರು.

ಅಂದರೆ ಕರುಳು ತೊಳೆಯುವ ಆ ಪೌಡರಿನ ನೀರು ಎರಡು ಲೀಟರ್ ಮತ್ತೆ ಕುಡಿಯಬೇಕು. ಆ ರಾತ್ರಿ ಮತ್ತೆ ಬರಬೇಕು.

ಎರಡನೇ ಸಲ ಹೋಗುವ ಮುಂಚೆ ಸರಿಯಾಗಿ ಕೇಳಿ, ಓದಿ ತಿಳಿದುಕೊಂಡೆ. ಆಗ ಗೊತ್ತಾಗಿದ್ದು ಇಷ್ಟು: ನಾವು ‘ಹಗುರ’ ಅನ್ನುವುದು ಬೇರೆ, ಕರುಳಿಗೆ ಹಗುರವಾದದ್ದು ಬೇರೆ. ರಾಗಿ, ಸೊಪ್ಪು, ಕೋಸಂಬರಿ ನಮಗೆ ಆರೋಗ್ಯದ ಊಟ. ಆದರೆ ಅದರಲ್ಲಿರುವುದೆಲ್ಲ ನಾರು. ನಾರು ಜೀರ್ಣವಾಗದೆ ಹಾಗೇ ದೊಡ್ಡ ಕರುಳಿಗೆ ಇಳಿಯುತ್ತದೆ, ಗೋಡೆಗೆ ಅಂಟಿಕೊಳ್ಳುತ್ತದೆ. ಸೌತೆಕಾಯಿ, ಟೊಮೆಟೊ, ಸೀಬೆಹಣ್ಣಿನ ಬೀಜಗಳಂತೂ ಕ್ಯಾಮೆರಾ ಟ್ಯೂಬಿನ ಹೀರುವ ರಂಧ್ರಕ್ಕೇ ಸಿಕ್ಕಿಕೊಳ್ಳುತ್ತವೆ. ‘ತಿಳಿ’ ಅನ್ನುವ ಪದದ್ದೂ ಇದೇ ಕಥೆ. ನಮ್ಮ ತಿಳಿ ಮಜ್ಜಿಗೆ ಅವರ ಲೆಕ್ಕದಲ್ಲಿ ತಿಳಿ ಅಲ್ಲವೇ ಅಲ್ಲ.

ಈಗ ಮುಖ್ಯ ಆಯ್ಕೆಗೆ ಬರುತ್ತೇನೆ. ಹಿಂದಿನ ದಿನ ಏನು ತಿನ್ನಬಹುದು ಅನ್ನುವುದಕ್ಕೆ ಎರಡು ಪದ್ಧತಿಗಳಿವೆ. ಹಳೆಯದರಲ್ಲಿ ಬೆಳಿಗ್ಗೆಯಿಂದ ರಾತ್ರಿವರೆಗೆ ಬರೀ ತಿಳಿ ದ್ರವ. ಹೊಸದರಲ್ಲಿ ಮಧ್ಯಾಹ್ನದವರೆಗೆ ನಾರಿಲ್ಲದ ಸಪ್ಪೆ ಊಟ, ಆಮೇಲೆ ತಿಳಿ ದ್ರವ. ಯುರೋಪಿನ ಎಂಡೋಸ್ಕೋಪಿ ತಜ್ಞರ ಸಂಘ 2019ರಲ್ಲೇ ಹಿಂದಿನ ದಿನ ನಾರು ಕಡಿಮೆ ಇರುವ ಊಟ ಸಾಕು ಅಂದಿದೆ. ಅಮೆರಿಕದ ಜೀರ್ಣಾಂಗ ತಜ್ಞರ ಜಂಟಿ ಸಮಿತಿ 2025ರಲ್ಲಿ, ಬೇರೆ ತೊಂದರೆ ಇಲ್ಲದವರು ಹಿಂದಿನ ದಿನ ಬೆಳಿಗ್ಗೆ ಮತ್ತು ಮಧ್ಯಾಹ್ನ ಇಂಥ ಊಟ ಮಾಡಬಹುದು ಎಂದು ಹೇಳಿದೆ. ಎರಡನ್ನೂ ಹೋಲಿಸಿ ನೋಡಿದ ಅಧ್ಯಯನಗಳಲ್ಲಿ ಕರುಳು ಸ್ವಚ್ಛವಾಗುವುದರಲ್ಲಿ ದೊಡ್ಡ ವ್ಯತ್ಯಾಸ ಕಂಡಿಲ್ಲ. ಸಪ್ಪೆ ಊಟ ಮಾಡಿದವರು ಕಡಿಮೆ ಒದ್ದಾಡಿದರು, ಅಷ್ಟೇ.

ಆದರೂ ಬೆಂಗಳೂರಿನಲ್ಲಿ ಎಷ್ಟೋ ಕಡೆ ಈಗಲೂ ಮುದ್ರಿಸಿ ಕೊಡುವ ಚೀಟಿ ಹಳೆಯದೇ. ಹಾಗಂತ ನೀವಾಗಿ ಚೀಟಿ ಮೀರಬೇಡಿ. ಫೋನ್ ಮಾಡಿ ಒಂದೇ ಮಾತು ಕೇಳಿ: ‘ಹಿಂದಿನ ದಿನ ಮಧ್ಯಾಹ್ನದವರೆಗೆ ಲೋ ರೆಸಿಡ್ಯೂ ಡಯಟ್ ತಗೋಬಹುದಾ?’ ನಾರು ಕಡಿಮೆ ಇರುವ ಈ ಸಪ್ಪೆ ಊಟಕ್ಕೆ ಅವರ ಭಾಷೆಯ ಹೆಸರು ಅದು, ಹೇಳಿದರೆ ತಕ್ಷಣ ಅರ್ಥವಾಗುತ್ತದೆ. ನನಗೆ ಆ ಕಡೆಯಿಂದ ಬಂದ ಉತ್ತರ, ‘ಹೂಂ, ಒಂದು ಗಂಟೆ ಒಳಗೆ ಮುಗಿಸಿಬಿಡಿ’. ಮೊದಲೇ ಯಾಕೆ ಕೇಳಲಿಲ್ಲ ಅಂತ ನನಗೇ ಬೇಜಾರಾಯಿತು.

ಯಾರಿಗೆ ‘ಬೇಡ’ ಅನ್ನಬಹುದು? ಹಳೆಯ ಮಲಬದ್ಧತೆ ಇರುವವರು, ಸಕ್ಕರೆ ಕಾಯಿಲೆಯವರು, ನೋವಿಗೆ ಅಫೀಮು ಜಾತಿಯ ಮಾತ್ರೆ ತೆಗೆದುಕೊಳ್ಳುವವರು, ಹಿಂದೆ ಒಂದು ಸಲ ನನ್ನ ಹಾಗೆ ಫೇಲ್ ಆದವರು. ಇವರ ಕರುಳು ನಿಧಾನ ಅಥವಾ ಹಟಮಾರಿ. ಇವರಿಗೆ ಎರಡು ಮೂರು ದಿನ ಮುಂಚಿನಿಂದಲೇ ಪಥ್ಯ ಹೇಳಬಹುದು, ಔಷಧಿ ಜಾಸ್ತಿ ಕೊಡಬಹುದು. ನಾನು ಫೇಲಾದವನಾದರೂ ನನಗೆ ಒಪ್ಪಿದರು, ಯಾಕೆಂದರೆ ತಪ್ಪು ಕರುಳಿನದ್ದಲ್ಲ, ಕೋಸಂಬರಿಯದ್ದು. ಆದರೆ ಮೂರು ದಿನ ಮುಂಚೆಯೇ ರಾಗಿ, ಸೊಪ್ಪು, ಕಾಳು ನಿಲ್ಲಿಸಿ ಅಂದರು.

ನಾರಿಲ್ಲದ ಊಟ ಅಂದರೆ ನಮ್ಮ ಅಡುಗೆಮನೆಯಲ್ಲಿ ಏನು? ಇಂಟರ್ನೆಟ್ಟಿನ ಪಟ್ಟಿಗಳಲ್ಲಿ ವೈಟ್ ಬ್ರೆಡ್, ಪಾಸ್ತಾ, ಟರ್ಕಿ ಮಾಂಸ ಅಂತ ಇರುತ್ತದೆ. ಅದನ್ನು ನೋಡಿ ಕಂಗಾಲಾಗಬೇಡಿ. ಬಿಳಿ ಅನ್ನ ತಿನ್ನುವವರಿಗೆ ಈ ಪಥ್ಯ ಸುಲಭ. ಇಡ್ಲಿ ಆಗುತ್ತದೆ, ಖಾಲಿ ದೋಸೆ ಆಗುತ್ತದೆ. ಕಾಯಿ ಚಟ್ನಿ ಬೇಡ, ತೆಂಗಿನ ತುರಿಯೂ ನಾರೇ. ಸಾಂಬಾರಿನ ಹೋಳೂ ಬೇಡ. ಇಡ್ಲಿಗೆ ತುಪ್ಪ, ಸ್ವಲ್ಪ ಸಕ್ಕರೆ, ಅಥವಾ ಮೊಸರು. ಚಿಕ್ಕ ಮಕ್ಕಳಿಗೆ ತಿನ್ನಿಸುವ ಹಾಗೆ. ತರಕಾರಿ, ಸಾಸಿವೆ, ಕಡ್ಲೆಬೇಳೆ ಏನೂ ಹಾಕದ ಸಣ್ಣ ರವೆ ಉಪ್ಪಿಟ್ಟು ಆಗುತ್ತದೆ. ಅದನ್ನು ಉಪ್ಪಿಟ್ಟು ಅಂತ ಕರೆಯುವುದು ಕಷ್ಟ, ಆದರೆ ಹೊಟ್ಟೆ ತುಂಬುತ್ತದೆ. ಸಬ್ಬಕ್ಕಿ ಗಂಜಿ ಒಳ್ಳೆಯದು, ಅದು ಬರೀ ಪಿಷ್ಟ. ಸಿಪ್ಪೆ ತೆಗೆದು ಬೇಯಿಸಿ ಹಿಸುಕಿದ ಆಲೂಗಡ್ಡೆ ಸರಿ. ಅಯ್ಯಂಗಾರ್ ಬೇಕರಿಯ ಬಿಳಿ ಬ್ರೆಡ್, ರಸ್ಕ್ ಸರಿ. ಒಣದ್ರಾಕ್ಷಿ, ಟೂಟಿಫ್ರೂಟಿ ಹಾಕಿದ ಬನ್ ಬೇಡ. ಮೊಟ್ಟೆ, ಮೀನು, ಮೆತ್ತಗೆ ಬೇಯಿಸಿದ ಕೋಳಿ ತಿನ್ನುವವರ ಸಮಸ್ಯೆ ಇನ್ನೂ ಕಡಿಮೆ, ಅದರಲ್ಲಿ ನಾರೇ ಇಲ್ಲ. ಮಾಂಸ ಅಂದರೆ ಭಾರ, ಸೊಪ್ಪು ಅಂದರೆ ಹಗುರ ಅನ್ನುವ ನಮ್ಮ ಲೆಕ್ಕ ಇಲ್ಲಿ ಪೂರ್ತಿ ತಲೆಕೆಳಗು.

ನಾನು ಎರಡನೇ ಸಲ ಬೆಳಿಗ್ಗೆ ಎಂಟೂವರೆಗೆ ನಾಲ್ಕು ಇಡ್ಲಿ, ಹನ್ನೆರಡೂವರೆಗೆ ತುಪ್ಪ ಹಾಕಿದ ಅನ್ನಕ್ಕೆ ಸೋಸಿದ ಸಾರು, ಆಮೇಲೆ ಒಗ್ಗರಣೆ ಇಲ್ಲದ ಮೊಸರನ್ನ ತಿಂದೆ. ಹೊಟ್ಟೆ ತುಂಬಾ ತಿಂದೆ ಅಂತ ಬರೆಯಲು ಆಸೆ. ಆದರೆ ಎಂದಿನ ಊಟದ ಮುಕ್ಕಾಲು ಭಾಗ ಸಾಕು. ನಾರಿಲ್ಲದ್ದಾದರೂ ಗಂಟಲವರೆಗೆ ತಿಂದರೆ ಸಂಜೆ ಔಷಧಿ ಕುಡಿಯುವಾಗ ಓಕರಿಕೆ ಬರುತ್ತದೆ.

ಇದರಿಂದ ಹಸಿವಿಗೆ ಏನು ಲಾಭ? ಹಸಿವು ದಿನವಿಡೀ ಒಂದೇ ಸಮ ಇರುವುದಿಲ್ಲ. ಗ್ರೆಲಿನ್ ಎನ್ನುವ ಹಾರ್ಮೋನು ನಾವು ದಿನಾ ತಿನ್ನುವ ಹೊತ್ತಿಗೆ ಏರುತ್ತದೆ. ತಿನ್ನದೇ ಇದ್ದರೂ ಸ್ವಲ್ಪ ಹೊತ್ತಿಗೆ ತಾನಾಗಿ ಇಳಿಯುತ್ತದೆ. ತಿಂಡಿಯ ಹೊತ್ತು, ಊಟದ ಹೊತ್ತು, ನಾಲ್ಕು ಗಂಟೆಯ ಕಾಫಿ ಹೊತ್ತು, ರಾತ್ರಿ ಊಟದ ಹೊತ್ತು. ಒಟ್ಟು ನಾಲ್ಕು ಅಲೆ. ಬರೀ ತಿಳಿ ನೀರಿನ ಪದ್ಧತಿಯಲ್ಲಿ ನಾಲ್ಕನ್ನೂ ಖಾಲಿ ಹೊಟ್ಟೆಯಲ್ಲೇ ತಡೆಯಬೇಕು. ಸಪ್ಪೆ ಊಟದಲ್ಲಿ ಮೊದಲ ಎರಡು ಅಲೆ ಇಲ್ಲವೇ ಇಲ್ಲ. ನಾಲ್ಕನೆಯದರ ಹೊತ್ತಿಗೆ ನೀವು ಲೀಟರ್‌ಗಟ್ಟಲೆ ಔಷಧಿ ಕುಡಿದಿರುತ್ತೀರಿ. ಆಗ ಹೊಟ್ಟೆ ಉಬ್ಬರ, ಊಟದ ಮಾತೆತ್ತಿದರೆ ಬೇಡ ಅನ್ನಿಸುತ್ತದೆ. ಉಳಿಯುವುದು ಸಾಯಂಕಾಲದ ಕಾಫಿ ಹೊತ್ತೊಂದೇ.

ನಮ್ಮಮ್ಮ ಇದನ್ನೆಲ್ಲ ಕೇಳಿ, ‘ಏಕಾದಶಿ ಮಾಡಲ್ವೇನೋ ನಾವು, ಒಂದು ದಿನಕ್ಕೆ ಇಷ್ಟು ಲೆಕ್ಕ ಯಾಕೆ’ ಅಂದರು. ಏಕಾದಶಿಯಲ್ಲಿ ಅವಲಕ್ಕಿ, ಹಣ್ಣು, ಹಾಲು ಎಲ್ಲ ನಡೆಯುತ್ತದೆ ಅನ್ನುವುದು ಒಂದು ಮಾತು. ನಿರ್ಜಲ ಉಪವಾಸ ಮಾಡಿದವರಿಗೂ ಇದು ಬೇರೆಯೇ ಅನುಭವ. ಇಲ್ಲಿ ಹತ್ತಾರು ಸಲ ಭೇದಿ ಆಗುತ್ತದೆ. ನೀರಿನ ಜೊತೆ ಉಪ್ಪಿನಂಶವೂ ಹೋಗುತ್ತದೆ. ಕೈ ನಡುಗುವುದು, ತಲೆ ಸುತ್ತುವುದು, ಸಿಡುಕು, ಇವನ್ನೆಲ್ಲ ನಾವು ‘ಹಸಿವು’ ಅಂತಲೇ ಕರೆಯುತ್ತೇವೆ. ಎಷ್ಟೋ ಸಲ ಅದು ಉಪ್ಪು ಮತ್ತು ಸಕ್ಕರೆಯ ಕೊರತೆ. ಹಾಗಾಗಿ ಬರೀ ನೀರು ಕುಡಿದು ತಡೆಯುವುದು ತಪ್ಪು. ಸಾದಾ ನೀರನ್ನೇ ಅತಿಯಾಗಿ ಕುಡಿದರೆ ರಕ್ತದಲ್ಲಿ ಸೋಡಿಯಂ ಇಳಿಯುವ ಅಪಾಯವೂ ಇದೆ.

ಹಾಗಾದರೆ ಏನು ಕುಡಿಯಬೇಕು? ಮೊದಲು ಪರೀಕ್ಷೆ ಹೇಳಿಬಿಡುತ್ತೇನೆ. ಗಾಜಿನ ಲೋಟದಲ್ಲಿ ಹಾಕಿ, ಹಿಂದೆ ದಿನಪತ್ರಿಕೆ ಹಿಡಿಯಿರಿ. ಅಕ್ಷರ ಓದಲು ಬಂದರೆ ಅದು ತಿಳಿ. ಹಾಲು, ಹಾಲು ಹಾಕಿದ ಕಾಫಿ, ಮಜ್ಜಿಗೆ, ಬೇಳೆಕಟ್ಟು ಎಲ್ಲ ಅಲ್ಲೇ ಸೋಲುತ್ತವೆ. ಗಂಜಿ ತಿಳಿಯೂ ಸೋಲುತ್ತದೆ. ಕೆಲವು ಡಾಕ್ಟರುಗಳು ಗಂಜಿ ತಿಳಿ, ಸೋಸಿದ ನೀರು ಮಜ್ಜಿಗೆಗೆ ಒಪ್ಪುತ್ತಾರೆ, ಕೇಳಿಕೊಳ್ಳಿ. ಇನ್ನೊಂದು ನಿಯಮ ಬಣ್ಣದ್ದು. ಕೆಂಪು, ನೇರಳೆ ಬಣ್ಣದ್ದು ಬೇಡ. ಬೀಟ್‌ರೂಟ್, ದಾಳಿಂಬೆ, ಪುನರ್ಪುಳಿ ಶರಬತ್ತು, ರೋಸ್ ಮಿಲ್ಕಿನ ಸಿರಪ್ಪು, ಇವೆಲ್ಲ ಒಳಗೆ ರಕ್ತದ ಹಾಗೆ ಕಂಡು ಗೊಂದಲ ಮಾಡುತ್ತವೆ.

ಎಳನೀರು ನಮ್ಮೂರಿನ ಭಾಗ್ಯ. ಯಾವ ಮೂಲೆಯಲ್ಲೂ ಸಿಗುತ್ತದೆ. ಒಂದು ಕಾಯಿಯಲ್ಲಿ ಹೆಚ್ಚುಕಡಿಮೆ 50–60 ಕ್ಯಾಲೊರಿ, ಒಳ್ಳೆಯ ಪೊಟ್ಯಾಸಿಯಂ. ಆದರೆ ಸೋಡಿಯಂ ಕಡಿಮೆ, ಹಾಗಾಗಿ ಅದೊಂದನ್ನೇ ನಂಬಿ ಕೂರುವ ಹಾಗಿಲ್ಲ. ಗಂಜಿ ಇಲ್ಲದ ಎಳೆಯದ್ದು ಕೇಳಿ ತನ್ನಿ. ಗಂಜಿಯನ್ನು ಕೆರೆದು ತಿನ್ನುವ ಆಸೆ ಇವತ್ತು ಬಿಡಿ. ಕಿಡ್ನಿ ತೊಂದರೆ ಇರುವವರು ಪೊಟ್ಯಾಸಿಯಂ ಕಾರಣಕ್ಕೆ ಡಾಕ್ಟರನ್ನು ಕೇಳದೆ ಎಳನೀರು ಮುಟ್ಟಬಾರದು.

ನಿಂಬೆ ಶರಬತ್ತಿಗೆ ನನ್ನ ಮೊದಲ ಓಟು. ಸೋಸಿದ ರಸ, ನಾಲ್ಕು ಚಮಚ ಸಕ್ಕರೆ, ಎರಡು ಚಿಟಿಕೆ ಉಪ್ಪು. ನಾಲ್ಕು ಟೀ ಚಮಚ ಸಕ್ಕರೆ ಅಂದರೆ ಸುಮಾರು 70–80 ಕ್ಯಾಲೊರಿ. ಬೇರೆ ದಿನ ಇಷ್ಟು ಸಕ್ಕರೆಗೆ ಹೆಂಡತಿ ಕಣ್ಣು ಕೆಂಪು ಮಾಡುತ್ತಾಳೆ. ಅವತ್ತು ಅವಳೇ ಕಲಸಿಕೊಟ್ಟಳು. ಡಬ್ಬಿಯ ತಿಳಿ ಸೇಬಿನ ಜ್ಯೂಸ್ ಕೂಡ ಇದೇ ಕೆಲಸ ಮಾಡುತ್ತದೆ. ಬೀದಿಯ ಜ್ಯೂಸ್ ಅಂಗಡಿಯ ಮೂಸಂಬಿ ಎಷ್ಟು ಸೋಸಿದರೂ ಮಬ್ಬಾಗಿಯೇ ಇರುತ್ತದೆ.

ಓಆರ್‌ಎಸ್ ಬಗ್ಗೆ ಒಂದು ತಪ್ಪು ತಿಳಿವಳಿಕೆ ಇದೆ. ಅದು ಶಕ್ತಿ ಕೊಡುತ್ತದೆ, ಹಸಿವು ನೀಗಿಸುತ್ತದೆ ಅಂದುಕೊಳ್ಳುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ಓಆರ್‌ಎಸ್ ಒಂದು ಲೀಟರ್‌ನಲ್ಲಿ ಗ್ಲೂಕೋಸ್ ಇರುವುದು 13.5 ಗ್ರಾಂ ಮಾತ್ರ. ಅಂದರೆ ಒಂದು ಲೋಟ ನಿಂಬೆ ಶರಬತ್ತಿಗಿಂತ ಕಡಿಮೆ. ಅದರ ಕೆಲಸ ಉಪ್ಪು, ನೀರು ವಾಪಸ್ ಕೊಡುವುದು. ಭೇದಿ ಶುರುವಾದ ಮೇಲೆ ಅದು ಬೇಕು. ಮಧ್ಯಾಹ್ನದ ಹಸಿವಿಗೆ ಅದು ಉತ್ತರ ಅಲ್ಲ.

ಆ ಸಾಯಂಕಾಲದ ಕಾಫಿ ಹೊತ್ತನ್ನು ದಾಟಿಸಿದ್ದು ಮಾತ್ರ ಇದ್ಯಾವುದೂ ಅಲ್ಲ. ಜೀರಿಗೆ ಮೆಣಸಿನ ಸಾರು. ಬೇಳೆ ಇಲ್ಲ, ಟೊಮೆಟೊ ಇಲ್ಲ. ಜೀರಿಗೆ, ನಾಲ್ಕೇ ನಾಲ್ಕು ಮೆಣಸು, ಚೂರು ಹುಣಸೆ ರಸ, ಉಪ್ಪು, ಇಂಗು. ಕುದಿಸಿ, ಸ್ವಲ್ಪ ಹೊತ್ತು ಬಿಟ್ಟು, ಮೇಲಿನ ತಿಳಿಯನ್ನು ಬಿಳಿ ಪಂಚೆ ಬಟ್ಟೆಯಲ್ಲಿ ಸೋಸಬೇಕು. ಟೀ ಸೋಸುವ ಜಾಲರಿ ಸಾಲದು. ಮಧ್ಯಾಹ್ನದಿಂದ ಸಿಹಿ ನೀರು ಕುಡಿದು ಕುಡಿದು ನಾಲಿಗೆ ಜಿಡ್ಡುಗಟ್ಟಿರುತ್ತದೆ. ಬಿಸಿ, ಉಪ್ಪು, ಹುಳಿ ಒಟ್ಟಿಗೆ ಗಂಟಲಿಗೆ ಇಳಿದಾಗ ಊಟ ಮಾಡಿದೆ ಅಂತ ಬಾಯಿ ನಂಬುತ್ತದೆ. ಕ್ಯಾಲೊರಿ ಲೆಕ್ಕದಲ್ಲಿ ಅದು ಸೊನ್ನೆಗೆ ಹತ್ತಿರ. ಆದರೂ ಹಸಿವಿಗೆ ಅದರಷ್ಟು ಒಳ್ಳೆಯ ಮದ್ದು ನನಗೆ ಸಿಗಲಿಲ್ಲ. ಖಾರ ಮಾತ್ರ ಜಾಸ್ತಿ ಮಾಡಬೇಡಿ. ಹತ್ತನೇ ಸಲ ಬಾತ್‌ರೂಮಿಗೆ ಹೋದಾಗ ಅದರ ಬೆಲೆ ಗೊತ್ತಾಗುತ್ತದೆ.

ಡಿಕಾಕ್ಷನ್ ಪ್ರಿಯರಿಗೆ ಸಮಾಧಾನದ ಸುದ್ದಿ: ಹಾಲಿಲ್ಲದ ಕಾಫಿ, ಹಾಲಿಲ್ಲದ ಟೀ ನಡೆಯುತ್ತದೆ. ಬಿಡದೇ ಕಾಫಿ ಕುಡಿಯುವವರು ಅವತ್ತು ಏಕಾಏಕಿ ಬಿಟ್ಟರೆ ತಲೆನೋವು ಗ್ಯಾರಂಟಿ. ಗಟ್ಟಿ ಡಿಕಾಕ್ಷನ್ ಅಕ್ಷರ ಪರೀಕ್ಷೆಯಲ್ಲಿ ಸೋಲುತ್ತದಲ್ಲ ಅಂತ ನೀವು ಕೇಳಬಹುದು. ನೀರು ಜಾಸ್ತಿ ಮಾಡಿ, ಸಕ್ಕರೆ ಹಾಕಿಕೊಳ್ಳಿ. ಚಪ್ಪರಿಸಲು ಕಲ್ಲುಸಕ್ಕರೆ, ಬಿಳಿ ಪೆಪ್ಪರ್‌ಮಿಂಟು ಇಟ್ಟುಕೊಳ್ಳಿ.

ಔಷಧಿಯ ಆಯ್ಕೆ ಸಾಮಾನ್ಯವಾಗಿ ಡಾಕ್ಟರದ್ದು. ಆದರೂ ಕೇಳಿದರೆ ಬದಲಾಯಿಸಿಕೊಡುತ್ತಾರೆ. ಹೆಚ್ಚು ಕಾಣುವುದು ಪಾಲಿಎಥಿಲೀನ್ ಗ್ಲೈಕಾಲ್ ಪೌಡರು. ಮೆಡಿಕಲ್ ಶಾಪಿನಲ್ಲಿ ಪೆಗ್ಲೆಕ್ ಅಂತ ಕೇಳುವುದು ಇದನ್ನೇ. ಒಂದು ಪೊಟ್ಟಣಕ್ಕೆ ಎರಡು ಲೀಟರ್ ನೀರು. ಇದು ದೇಹದ ಉಪ್ಪು, ನೀರಿನ ಲೆಕ್ಕವನ್ನು ಹೆಚ್ಚು ಅಲುಗಾಡಿಸುವುದಿಲ್ಲ. ವಯಸ್ಸಾದವರಿಗೆ, ಹೃದಯ ಅಥವಾ ಕಿಡ್ನಿ ತೊಂದರೆ ಇರುವವರಿಗೆ ಸಾಮಾನ್ಯವಾಗಿ ಇದನ್ನೇ ಬರೆಯುವುದು. ಕಷ್ಟ ಅಂದರೆ ಪ್ರಮಾಣ, ಮತ್ತು ಆ ಜಿಡ್ಡು ಉಪ್ಪು ರುಚಿ. ಇನ್ನೊಂದು ಸಲ್ಫೇಟ್ ಉಪ್ಪುಗಳ ಚಿಕ್ಕ ಬಾಟಲಿ. ಬಾಟಲಿ ಚಿಕ್ಕದು ಅಂತ ಖುಷಿಪಡುವ ಮುಂಚೆ ಚೀಟಿ ಓದಿ. ಅದನ್ನು ಸುಮಾರು ಅರ್ಧ ಲೀಟರಿಗೆ ಕಲಸಿ ಕುಡಿದು, ಮುಂದಿನ ಒಂದು ಗಂಟೆಯಲ್ಲಿ ಇನ್ನೂ ಹತ್ತಿರ ಹತ್ತಿರ ಒಂದು ಲೀಟರ್ ನೀರು ಕುಡಿಯಬೇಕು. ಇಂಥವು ಎರಡು ಬಾಟಲಿ. ಲಾಭ ಏನೆಂದರೆ ಕೆಟ್ಟ ರುಚಿಯದ್ದು ಕಡಿಮೆ, ಉಳಿದದ್ದು ಸಾದಾ ನೀರು. ಮೂರನೆಯದು ಸೋಡಿಯಂ ಫಾಸ್ಫೇಟ್. ಪ್ರಮಾಣ ಕಡಿಮೆ, ಆದರೆ ಕಿಡ್ನಿಗೆ ಪೆಟ್ಟು ಬೀಳುವ ಅಪಾಯದ ಬಗ್ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2008ರಲ್ಲೇ ಎಚ್ಚರಿಸಿದೆ. ಬಿಪಿ ಮಾತ್ರೆ ತೆಗೆದುಕೊಳ್ಳುವ ಹಿರಿಯರಿಗೆ ಇದನ್ನು ಬರೆದಿದ್ದರೆ ಒಂದು ಸಲ ಕೇಳಿಬಿಡಿ.

ಪೌಡರಿನ ನೀರನ್ನು ಫ್ರಿಜ್ಜಿನಲ್ಲಿಟ್ಟು ತಣ್ಣಗೆ ಮಾಡಿ, ಸ್ಟ್ರಾದಲ್ಲಿ ಕುಡಿಯಿರಿ. ಹದಿನೈದು ನಿಮಿಷಕ್ಕೆ ಒಂದು ಲೋಟ. ನಡುವೆ ನಿಂಬೆ ಹೋಳು ಚೀಪಿ. ಔಷಧಿಯೊಳಗೆ ಸಕ್ಕರೆ ಕಲಸಬೇಡಿ.

ಸಮಯದ ಆಯ್ಕೆಗೂ ಹಸಿವಿಗೂ ನೇರ ಸಂಬಂಧ ಇದೆ. ಈಗ ಒಳ್ಳೆಯ ಕ್ರಮ ಅಂದರೆ ಅರ್ಧ ಔಷಧಿ ಹಿಂದಿನ ಸಂಜೆ, ಉಳಿದರ್ಧ ಪರೀಕ್ಷೆಯ ದಿನ. ಎರಡನೇ ಅರ್ಧವನ್ನು ಪರೀಕ್ಷೆಗೆ ಐದು ಗಂಟೆಯ ಒಳಗೆ ಶುರುಮಾಡಿ, ಕಡೇಪಕ್ಷ ಎರಡು ಗಂಟೆ ಮುಂಚೆ ಮುಗಿಸಬೇಕು. ಮಂಪರು ಕೊಡುವುದರಿಂದ ಕೆಲವು ಕಡೆ ಇನ್ನೂ ಮುಂಚೆ ಮುಗಿಸಿ ಅನ್ನುತ್ತಾರೆ. ಬೆಳಿಗ್ಗೆ ಎಂಟರ ಸರದಿ ಸಿಕ್ಕರೆ ಹಸಿವು ಕಡಿಮೆ, ರಾತ್ರಿ ನಿದ್ದೆಯಲ್ಲೇ ಕಳೆಯುತ್ತದೆ ಅಂತ ಅನ್ನಿಸುತ್ತದೆ. ಆದರೆ ಮೂರು ಗಂಟೆಗೆ ಎದ್ದು ಕುಡಿಯಬೇಕು. ಆಮೇಲೆ ಯಲಹಂಕದಿಂದ ಬನ್ನೇರುಘಟ್ಟ ರಸ್ತೆಗೆ ಹೊರಟರೆ ದಾರಿಯಲ್ಲಿ ಏನಾಗುತ್ತದೋ ಹೇಳಲಾಗದು. ಮಧ್ಯಾಹ್ನದ ಸರದಿಯಲ್ಲಿ ನಿದ್ದೆ ಚೆನ್ನಾಗಿ ಆಗುತ್ತದೆ, ಆದರೆ ಇನ್ನೊಂದು ತಿಂಡಿ ತಪ್ಪುತ್ತದೆ. ನಾನು ಕೇಳಿ ಪಡೆದದ್ದು ಹತ್ತು ಗಂಟೆ. ಐದಕ್ಕೆ ಶುರು, ಆರೂವರೆಗೆ ಮುಗಿಯಿತು. ಎಂಟೂವರೆಗೆ ಮನೆ ಬಿಡುವಾಗ ಹೊಟ್ಟೆಯ ಗಲಾಟೆ ಅಡಗಿತ್ತು. ಆಸ್ಪತ್ರೆ ಎಷ್ಟೇ ಒಳ್ಳೆಯದಿರಲಿ, ಆಯ್ಕೆ ಇದ್ದರೆ ಮನೆಗೆ ಹತ್ತಿರದ್ದೇ ಆರಿಸಿಕೊಳ್ಳಿ ಅಂತ ನನ್ನ ಸಲಹೆ.

ದಿನ ಆರಿಸುವಾಗ ಇನ್ನೊಂದು ವಿಷಯ. ನಿಮ್ಮ ಬೀದಿಗೆ ಕಾವೇರಿ ನೀರು ಯಾವ ದಿನ ಬಿಡುತ್ತಾರೆ ನೋಡಿಕೊಳ್ಳಿ. ಸಂಪು ತುಂಬಿದೆಯಾ, ಮೋಟಾರ್ ಸರಿ ಇದೆಯಾ ನೋಡಿ. ನಗಬೇಡಿ. ಫ್ಲಶ್ ಟ್ಯಾಂಕು ಆ ಒಂದು ರಾತ್ರಿ ಮಾಡುವ ಕೆಲಸ ಇಡೀ ವಾರ ಮಾಡುವುದಿಲ್ಲ. ಭಾನುವಾರ ಪಕ್ಕದ ಮನೆಯಲ್ಲಿ ಬಿರಿಯಾನಿ ಮಾಡುವವರಿದ್ದರೆ ಸೋಮವಾರದ ಸರದಿಯನ್ನೂ ತಪ್ಪಿಸಿ.

ಸಕ್ಕರೆ ಕಾಯಿಲೆಯವರಿಗೆ ಮೇಲಿನ ಅರ್ಧ ಮಾತು ಹಾಗೇ ಅನ್ವಯಿಸುವುದಿಲ್ಲ. ಊಟ ನಿಲ್ಲಿಸಿ ಮಾತ್ರೆ, ಇನ್ಸುಲಿನ್ ಮುಂದುವರಿಸಿದರೆ ಸಕ್ಕರೆ ಕುಸಿಯುತ್ತದೆ. ಯಾವುದನ್ನು ಎಷ್ಟು ಕಡಿಮೆ ಮಾಡಬೇಕು ಅಂತ ವಾರ ಮುಂಚೆಯೇ ಬರೆಸಿಕೊಳ್ಳಿ. ಅದರಲ್ಲೂ ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮಾತ್ರೆಗಳನ್ನು ಸಾಮಾನ್ಯವಾಗಿ ಮೂರು ದಿನ ಮುಂಚೆಯೇ ನಿಲ್ಲಿಸಲು ಹೇಳುತ್ತಾರೆ. ಗ್ಲೂಕೋಮೀಟರ್ ಪಕ್ಕದಲ್ಲಿರಲಿ. 70ಕ್ಕಿಂತ ಕೆಳಗೆ ಬಂದರೆ ಯೋಚನೆ ಮಾಡದೆ ಸಕ್ಕರೆ ನೀರು ಕುಡಿದು, ಆಸ್ಪತ್ರೆಗೆ ತಿಳಿಸಿ. ಕಬ್ಬಿಣಾಂಶದ ಮಾತ್ರೆ ಮಲವನ್ನು ಕಪ್ಪು ಮಾಡುತ್ತದೆ, ಅದನ್ನು ಸುಮಾರು ಒಂದು ವಾರ ಮುಂಚೆ ನಿಲ್ಲಿಸಲು ಹೇಳುತ್ತಾರೆ. ರಕ್ತ ತೆಳುವಾಗಿಸುವ ಮಾತ್ರೆ ಇದ್ದರೆ ನಿಲ್ಲಿಸುವುದೂ, ಮುಂದುವರಿಸುವುದೂ ಡಾಕ್ಟರ ಮಾತು.

ಕೆಲಸ ಮುಗಿದಿದೆ ಅಂತ ತಿಳಿಯುವುದು ಹೇಗೆ? ಕೊನೆಗೆ ಹೋಗುವುದು ತಿಳಿ ಹಳದಿ ನೀರಾಗಿರಬೇಕು, ಮೂತ್ರದ ಹಾಗೆ. ಕಂದು, ಮಡ್ಡಿ, ಚೂರುಗಳು ಕಾಣುತ್ತಿದ್ದರೆ ಮುಚ್ಚಿಡದೆ ಹೊರಡುವ ಮುಂಚೆಯೇ ಫೋನ್ ಮಾಡಿ ಹೇಳಿ. ಮೊದಲ ಸಲ ನಾನು ಅದನ್ನು ನೋಡಿಯೂ ಸುಮ್ನೆ ಹೋಗಿದ್ದೆ. ಕುಡಿದದ್ದೆಲ್ಲ ವಾಂತಿ ಆದರೆ, ಹೊಟ್ಟೆ ವಿಪರೀತ ನೋವು ಬಂದರೆ, ತಲೆ ಸುತ್ತಿ ಬೀಳುವ ಹಾಗಾದರೆ ಬೆಳಗಾಗಲಿ ಅಂತ ಕಾಯಬೇಡಿ.

ಎರಡನೇ ಸಲದ ಪರೀಕ್ಷೆ ಅರ್ಧ ಗಂಟೆಯಲ್ಲಿ ಮುಗಿಯಿತು. ಮಂಪರು ಕೊಟ್ಟಿರುವುದರಿಂದ ಅವತ್ತು ಗಾಡಿ ಓಡಿಸುವಂತಿಲ್ಲ, ಜೊತೆಗೆ ಒಬ್ಬರು ಬೇಕೇ ಬೇಕು. ಹೊಟ್ಟೆಯೊಳಗೆ ಗಾಳಿ ತುಂಬಿರುವುದರಿಂದ ಮೊದಲ ಊಟ ಮೆತ್ತಗಿರಲಿ. ಆಸ್ಪತ್ರೆ ಎದುರಿನ ದರ್ಶಿನಿಯಲ್ಲಿ ಹೆಂಡತಿ, ‘ರೀ, ಮೆಲ್ಲಗೆ ತಿನ್ನಿ’ ಅನ್ನುತ್ತಿದ್ದಳು. ನಾನು ಎರಡನೇ ಪ್ಲೇಟ್ ಇಡ್ಲಿಗೆ ಟೋಕನ್ ತೆಗೆಸುತ್ತಿದ್ದೆ. ಈ ಸಲ ಚಟ್ನಿ ಜಾಸ್ತಿ ಹಾಕಿಸಿಕೊಂಡೆ.